ಪುಟ್ಟ ಕಾರಿಗೆ ಹೊಸ ಬ್ರೇಕು
1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿನಿ ಕಾರಿನ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕುಗಳಿದ್ದವು. 1961ರ ಮಿನಿ ಕೂಪರ್ ಕಾರಿನ ಮುಂದಿನ ಗಾಲಿಗಳಿಗೆ 7 ಅಂಗುಲದ ಡಿಸ್ಕ್ ಬ್ರೇಕುಗಳು ಬಂದವು. ಹಳೆಯ ಮಿನಿಯುಳ್ಳ ಉತ್ಸಾಹಿಗಳು ಇಂದಿಗೂ ಮನೆಯಲ್ಲಿಯೇ ಈ ಮಾರ್ಪಾಟನ್ನು ಮಾಡಿಕೊಳ್ಳುವುದುಂಟು. ಇದರ ಪ್ರಯೋಜನವೇನು?

700 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲುವಾಗ, ಸುಮಾರು 270 ಕಿಲೋಜೂಲ್ ಚಲನಶಕ್ತಿಯ ಬಹುಭಾಗವು ಬ್ರೇಕಿನಲ್ಲಿ ಉಷ್ಣವಾಗಿ ಪರಿಣಮಿಸುತ್ತದೆ. ಡ್ರಮ್ಮಿನೊಳಗೆ ಸಿಲುಕಿದ ಉಷ್ಣವು ಘರ್ಷಣೆಯನ್ನು ಕುಗ್ಗಿಸುತ್ತದೆ. ಗಾಳಿಗೆ ತೆರೆದ ಡಿಸ್ಕು ಬೇಗನೆ ತಣಿಯುತ್ತದೆ.

ಆದರೆ ಹೊಳೆಯುವ ಡಿಸ್ಕಿಗೆ ಮರುಳಾಗಿ ಬ್ರೇಕ್ ದ್ರವವನ್ನು ಮರೆಯಬಾರದು. ಅದು ಗಾಳಿಯ ತೇವವನ್ನು ಹೀರುವಂಥದು. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ದ್ರವಕ್ಕೆ ವಿಧಿಸಿರುವ ಮಿತಿ 155 ಡಿಗ್ರಿ ಮಾತ್ರ. ಕುದಿದ ದ್ರವ ಆವಿಯಾಗುತ್ತದೆ. ಆವಿಯೋ, ಒತ್ತಿದರೆ ಕುಗ್ಗುತ್ತದೆ. ಆಗ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಆದುದರಿಂದ ಡಿಸ್ಕನ್ನು ಅಳವಡಿಸಿದ ದಿನವೇ ಹಳೆಯ ದ್ರವವನ್ನು ಪೂರ್ತಿಯಾಗಿ ಹೊರಹಾಕಿ, ಗಾಳಿಗುಳ್ಳೆಯೊಂದೂ ಉಳಿಯದಂತೆ ಹೊಸದನ್ನು ತುಂಬಬೇಕು.