ರೊಟ್ಟಿ ಬಡಿಯುವ ಕೈ, ಮಿದುಳಿನ ನಕ್ಷೆ ಮತ್ತು ಲಕ್ವ

ಮನುಷ್ಯನು ಇಚ್ಛಾಪೂರ್ವಕವಾಗಿ ಮಾಡುವ ಚಲನೆಗಳೆಲ್ಲವೂ, ಬೆರಳು ಮಡಿಸುವುದರಿಂದ ಹಿಡಿದು ಮಾತನಾಡುವವರೆಗೆ, ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನ ಕೆಲವು ನಿರ್ದಿಷ್ಟ ನೆಲೆಗಳನ್ನು ಅವಲಂಬಿಸಿವೆ. ಕೆಲವೇ ಮಿಲಿಮೀಟರ್ ದಪ್ಪದ, ಮಡಿಕೆ ಮಡಿಕೆಯಾಗಿ ಹರಡಿರುವ ಈ ಪದರದಲ್ಲಿ, ನಡುನೆತ್ತಿಯಿಂದ ಎರಡೂ ಕಿವಿಗಳ ದಿಕ್ಕಿಗೆ ಇಳಿಯುವ ಒಂದು ಪಟ್ಟಿಗೆ ಪ್ರಾಥಮಿಕ ಚಾಲಕ ಕಾರ್ಟೆಕ್ಸ್ ಎಂದು ಹೆಸರು. ಇಲ್ಲಿನ ನರಕೋಶಗಳ ಉದ್ದನೆಯ ತಂತುಗಳು ಬೆನ್ನುಹುರಿಯವರೆಗೆ ಇಳಿದು, ಸ್ನಾಯುಗಳನ್ನು ಆಳುವ ನರಗಳಿಗೆ ಸಂದೇಶ ಮುಟ್ಟಿಸುತ್ತವೆ.

1870ರಲ್ಲಿ ಬರ್ಲಿನ್‌ನ ಗುಸ್ತಾವ್ ಫ್ರಿಚ್ ಮತ್ತು ಎಡ್ವರ್ಡ್ ಹಿಟ್ಸಿಗ್ ಅವರು ನಾಯಿಯ ಕಾರ್ಟೆಕ್ಸ್‌ಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ಒಂದೊಂದು ಜಾಗ ಮುಟ್ಟಿದಾಗ ಎದುರು ಬದಿಯ ಒಂದೊಂದು ಅಂಗ ಅಲುಗುವುದನ್ನು ತೋರಿಸಿದರು. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲದ ಕಾರಣ, ಮಾಂಟ್ರಿಯಲ್‌ನ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರು ಎಚ್ಚರವಾಗಿದ್ದ ರೋಗಿಗಳಲ್ಲಿಯೇ ಇಂಥ ಪರೀಕ್ಷೆ ನಡೆಸಿ, 1937ರಲ್ಲಿ ಮನುಷ್ಯನ ಚಾಲಕ ನಕ್ಷೆಯನ್ನು ಪ್ರಕಟಿಸಿದರು. ಆ ನಕ್ಷೆಯಲ್ಲಿ ಕಾಲಿನ ನೆಲೆ ನಡುನೆತ್ತಿಯ ಒಳಮಗ್ಗುಲಲ್ಲಿದೆ. ಅಲ್ಲಿಂದ ಕೆಳಗೆ ಮುಂಡ, ತೋಳು, ಕೈ, ಮುಖ, ನಾಲಿಗೆಗಳು ಬರುತ್ತವೆ. ಅಂಗದ ಗಾತ್ರಕ್ಕೆ ಇಲ್ಲಿ ಬೆಲೆಯಿಲ್ಲ, ಅದರ ಕುಶಲತೆಗೆ ಮಾತ್ರ ಬೆಲೆ; ಇಡೀ ಬೆನ್ನಿಗಿಂತ ಹೆಬ್ಬೆರಳಿಗೆ ಹೆಚ್ಚು ಜಾಗ ಸಿಕ್ಕಿರುವುದು ಇದೇ ಕಾರಣದಿಂದ.

ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಗಳಲ್ಲಾಗಲಿ, ಕಮಲಾಪುರದ ಅಡುಗೆಮನೆಗಳಲ್ಲಾಗಲಿ ಜೋಳದ ರೊಟ್ಟಿ ಬಡಿಯುವ ಕೈಯನ್ನು ಗಮನಿಸಿದರೆ ಈ ಹಂಚಿಕೆಯ ಔಚಿತ್ಯ ತಿಳಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲದಿರುವುದರಿಂದ ಅಂಗೈಯ ಒತ್ತಡ ಒಂದಿಷ್ಟು ಹೆಚ್ಚಾದರೂ ಅಂಚು ಬಿರಿಯುತ್ತದೆ; ಒಂದು ಕೈ ತಟ್ಟುತ್ತಿರುವಾಗ ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತಿರಬೇಕು. ಇಂಥ ಕೆಲಸವನ್ನು ಪ್ರಾಥಮಿಕ ಪಟ್ಟಿಯೊಂದೇ ನಿಭಾಯಿಸುವುದಿಲ್ಲ. ಅದರ ಮುಂದಿರುವ ಪೂರ್ವಚಾಲಕ ಪ್ರದೇಶವು ಕಣ್ಣಿಗೆ ಕಂಡದ್ದಕ್ಕೆ ತಕ್ಕಂತೆ ಕೈಯನ್ನು ಅಣಿಗೊಳಿಸಿದರೆ, ಮಿದುಳಿನ ನಡುಗೆರೆಯ ಬಳಿಯ ಪೂರಕ ಚಾಲಕ ಪ್ರದೇಶವು ಎರಡೂ ಕೈಗಳನ್ನು ಹೊಂದಿಸಿ, ಯಾವುದರ ಹಿಂದೆ ಯಾವುದು ಎಂಬ ಅನುಕ್ರಮವನ್ನು ಕಾಯುತ್ತದೆ. ಬೆರಳುಗಳ ಚಲನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡಾಗಲೂ ಈ ಪೂರಕ ಪ್ರದೇಶಕ್ಕೆ ರಕ್ತದ ಹರಿವು ಹೆಚ್ಚುತ್ತದೆಂದು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಕಾರ್ಟೆಕ್ಸ್‌ನಿಂದ ಇಳಿದು ಬರುವ ತಂತುಗಳಲ್ಲಿ ಬಹುಪಾಲು ಮಿದುಳಕಾಂಡದ ಕೆಳತುದಿಯಲ್ಲಿ, ಬೆನ್ನುಹುರಿ ಆರಂಭವಾಗುವ ಮೊದಲೇ, ಎದುರು ಬದಿಗೆ ದಾಟುತ್ತವೆ. ಜನರು ಲಕ್ವ ಎಂದು ಕರೆಯುವ ಪಾರ್ಶ್ವವಾಯುವಿನಲ್ಲಿ ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಸೋಲುವುದು ಇದರಿಂದಲೇ. ಮಿದುಳಿನ ಹೊರಮಗ್ಗುಲಿಗೆ, ಅಂದರೆ ಕೈ ಮತ್ತು ಮುಖದ ನೆಲೆಗಳಿಗೆ, ರಕ್ತ ಒಯ್ಯುವ ಧಮನಿ ಬೇರೆ, ಒಳಮಗ್ಗುಲಿನ ಕಾಲಿನ ನೆಲೆಗೆ ಒಯ್ಯುವ ಧಮನಿ ಬೇರೆ. ಹೊರಮಗ್ಗುಲಿನ ಧಮನಿ ಕಟ್ಟಿಕೊಳ್ಳುವುದೇ ಹೆಚ್ಚಾದ್ದರಿಂದ ಅನೇಕ ರೋಗಿಗಳಲ್ಲಿ ಕಾಲಿಗಿಂತ ಕೈ ಮತ್ತು ಬಾಯಿಗೆ ಹೆಚ್ಚಿನ ಹಾನಿ ಕಾಣುತ್ತದೆ.

ಆದರೆ ಬಾಯಿ ಸೊಟ್ಟಗಾದುದೆಲ್ಲವೂ ಮಿದುಳಿನ ಲಕ್ವವಲ್ಲ. ಹಣೆಯ ಸ್ನಾಯುಗಳಿಗೆ ಎರಡೂ ಬದಿಯ ಮಿದುಳಿನಿಂದ ಆದೇಶ ಬರುವುದರಿಂದ ಪಾರ್ಶ್ವವಾಯುವಿನಲ್ಲಿ ಹಣೆ ಸಾಮಾನ್ಯವಾಗಿ ಸುಕ್ಕುಗಟ್ಟಬಲ್ಲದು. ಮುಖದ ನರವೇ ಊದಿಕೊಳ್ಳುವ ಬೆಲ್ಸ್ ಪಾಲ್ಸಿಯಲ್ಲಿ ಹಣೆಯೂ ನಿಶ್ಚಲವಾಗುತ್ತದೆ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ. ಈ ಎರಡನೆಯದು ಬಹುತೇಕರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುವುದರಿಂದ, ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಊರುಗಳಲ್ಲಿ ಅದರ ಕೀರ್ತಿ ನಾಟಿ ಔಷಧಿಗೆ ಸಲ್ಲುತ್ತದೆ; ಆ ನಂಬಿಕೆಯಿಂದ ನಿಜವಾದ ಪಾರ್ಶ್ವವಾಯು ಪೀಡಿತರನ್ನೂ ನಾಟಿ ವೈದ್ಯರ ಬಳಿಗೇ ಕರೆದೊಯ್ಯುವುದು ಅತ್ಯಂತ ದುಃಖದ ಸಂಗತಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಯಾವ ಬಗೆಯದೆಂದು ಮನೆಯಲ್ಲಿ ತೀರ್ಮಾನಿಸುತ್ತ ಕೂರದೆ, ಮುಖ ವಾಲಿದ ಕೂಡಲೇ ಆಸ್ಪತ್ರೆ ಸೇರುವುದೇ ಸರಿಯಾದ ದಾರಿ.

ನಾಶವಾದ ಕೋಶಗಳು ಮರಳಿ ಹುಟ್ಟುವುದಿಲ್ಲವಾದರೂ ಚಾಲಕ ನಕ್ಷೆ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕೈಯ ನೆಲೆಗೆ ಸಣ್ಣ ಹಾನಿಯಾದ ಕೋತಿಗಳಿಗೆ ಬೆರಳಿನ ತರಬೇತಿ ಕೊಟ್ಟಾಗ ಉಳಿದ ನೆಲೆ ಕುಗ್ಗಲಿಲ್ಲವೆಂದೂ, ಕೆಲವೊಮ್ಮೆ ಪಕ್ಕದ ಜಾಗಕ್ಕೂ ಹರಡಿತೆಂದೂ ರಾಂಡಾಲ್ಫ್ ನ್ಯೂಡೊ ಮತ್ತು ಸಂಗಡಿಗರು 1996ರಲ್ಲಿ ವರದಿ ಮಾಡಿದರು. ಫಿಜಿಯೋಥೆರಪಿಯಲ್ಲಿ ಸೋತ ಕೈಯಿಂದಲೇ ಮತ್ತೆ ಮತ್ತೆ ಕೆಲಸ ಮಾಡಿಸುವುದರ ಹಿಂದೆ ಇದೇ ತತ್ತ್ವವಿದೆ. ತೊಡೆ, ಭುಜಗಳಿಗೆ ಮಿದುಳಕಾಂಡದ ಮೂಲಕ ಬೇರೆ ದಾರಿಗಳೂ ಇವೆ. ಒಂದೊಂದು ಬೆರಳನ್ನು ಬೇರೆಬೇರೆಯಾಗಿ ಆಡಿಸುವ ಶಕ್ತಿಯಾದರೋ ಹೆಚ್ಚಾಗಿ ಕಾರ್ಟೆಕ್ಸ್‌ನ ನೇರ ತಂತುಗಳನ್ನೇ ನೆಚ್ಚಿಕೊಂಡಿದೆ. ಹಾಗಾಗಿ ಅಂಗಳದಲ್ಲಿ ಆಗಲೇ ನಡೆದಾಡುತ್ತಿರುವವರ ಕೈಗೆ ರೊಟ್ಟಿಯ ಅಂಚು ಹಿಡಿದು ಹಂಚಿಗೆ ಹಾಕುವ ಹದ ಮರಳಲು ಇನ್ನೂ ಅನೇಕ ತಿಂಗಳು ಬೇಕಾಗಬಹುದು.