ಮೂಗಿನ ಮೇಲೆ 130 ಇಂಚಿನ ಪರದೆ: ಮುಂಬೈಯ ಸಣ್ಣ ಮನೆಗೆ ಎಆರ್ ಕನ್ನಡಕ ಬೇಕಾ?

ಡೊಂಬಿವಲಿಯಲ್ಲಿ ನಮ್ಮದು ಒನ್ ಬಿಎಚ್‌ಕೆ ಮನೆ. ಟಿವಿ ಇರೋದು ಒಂದೇ. ರಾತ್ರಿ ಹತ್ತರವರೆಗೆ ಅದು ಅಮ್ಮನ ಧಾರಾವಾಹಿಗೆ, ಆಮೇಲೆ ಅದೇ ಹಾಲ್‌ನಲ್ಲಿ ಅಮ್ಮ, ಮಗಳು ಮಲಗ್ತಾರೆ. ಐರೋಲಿ ಆಫೀಸಿನಿಂದ ಬಂದು ಅರ್ಧ ಗಂಟೆ ಗೇಮ್ ಆಡೋಣ ಅಂದ್ರೆ ಸ್ಟೀಮ್ ಡೆಕ್‌ನ ಏಳಿಂಚಿನ ಪರದೆಯೇ ಗತಿ. ತಲೆ ಬಗ್ಗಿಸಿ ಆಡಿ ಆಡಿ ಕುತ್ತಿಗೆ ಹಿಡಿದುಕೊಂಡಿತು. ಆಗ ತಗೊಂಡಿದ್ದು ಎಆರ್ ಕನ್ನಡಕ. ನಿಮ್ಮಲ್ಲೂ ಎಷ್ಟೋ ಜನರ ಮನೆ ಪರಿಸ್ಥಿತಿ ಇದೇ ಇರುತ್ತೆ. ಅದಕ್ಕೇ ದುಡ್ಡು ಹಾಕೋ ಮುಂಚೆ ಏನೇನು ಗೊತ್ತಿರಬೇಕು ಅಂತ ಹೇಳ್ತೀನಿ.

ಮೊದಲನೆಯದು, ಹೆಸರು ನೋಡಿ ಮರುಳಾಗಬೇಡಿ. ಎಕ್ಸ್‌ರಿಯಲ್ ಏರ್‌ನಂಥ ಕನ್ನಡಕದಲ್ಲಿ ಗೇಮ್ ಓಡಿಸೋ ಕಂಪ್ಯೂಟರ್ ಇಲ್ಲ, ಬ್ಯಾಟರಿಯೂ ಇಲ್ಲ. ಅದು ಸುಮಾರು 80 ಗ್ರಾಮಿನ ಒಂದು ಮಾನಿಟರ್, ಅಷ್ಟೇ. ಕಣ್ಣಿಗೊಂದರಂತೆ ಎರಡು ಪುಟಾಣಿ ಓಎಲ್‌ಇಡಿ ಪರದೆಗಳು ಮೇಲ್ಭಾಗದಲ್ಲಿ ಕೂತಿರ್ತವೆ, ಒಂದೊಂದೂ 1920×1080. ಅದರ ಬೆಳಕು ಓರೆಯಾಗಿಟ್ಟ ಗಾಜಿಗೆ ಬಡಿದು, ಮುಂದಿರೋ ಬಾಗಿದ ಕನ್ನಡಿಗೆ ಹೋಗಿ, ವಾಪಸ್ ಕಣ್ಣಿಗೆ ಬರುತ್ತೆ. ಹಾಗಾಗಿ ಚಿತ್ರ ಕೆಲವು ಮೀಟರ್ ದೂರದಲ್ಲಿ ನಿಂತ ಹಾಗೆ ಕಾಣುತ್ತೆ. ಕನ್ಸೋಲ್ ತೊಡೆ ಮೇಲೆ, ನೋಟ ನೇರ. ಕುತ್ತಿಗೆಗೆ ನಿಜವಾಗಲೂ ಆರಾಮ.

ಎರಡನೆಯದು, ಈ "130 ಇಂಚು" ಲೆಕ್ಕ. ಕಂಪನಿಯವರು ಸುಳ್ಳು ಹೇಳ್ತಿಲ್ಲ, ಆದರೆ "4 ಮೀಟರ್ ದೂರದಲ್ಲಿ" ಅನ್ನೋದನ್ನ ನಾವು ಓದೋದೇ ಇಲ್ಲ. ಇದರ ನೋಟದ ಕೋನ ಸುಮಾರು 46 ಡಿಗ್ರಿ. ಅದೇ ಕೋನ ನಿಮಗೆ ಆಫೀಸಿನ 24 ಇಂಚಿನ ಮಾನಿಟರ್‌ನ ಸುಮಾರು 70 ಸೆಂಟಿಮೀಟರ್ ದೂರದಿಂದ ನೋಡಿದಾಗಲೂ ಸಿಗುತ್ತೆ. ಅಂದ್ರೆ ಸಿಗೋದು ಥಿಯೇಟರ್ ಅಲ್ಲ, ಒಳ್ಳೆಯ ಡೆಸ್ಕ್ ಮಾನಿಟರ್. ಕೈಯಲ್ಲಿ ಹಿಡಿದ ಏಳಿಂಚಿನ ಪರದೆಗೆ ಹೋಲಿಸಿದ್ರೆ ಹೆಚ್ಚುಕಮ್ಮಿ ಎರಡು ಪಟ್ಟು. ಒಂದು ಮಾತು: ಸ್ಟೀಮ್ ಡೆಕ್‌ನ ಸ್ವಂತ ಪರದೆ 1280×800. ಗೇಮನ್ನ 1080ಪಿಗೆ ಏರಿಸಿದ್ರೆ ಎರಡು ಪಟ್ಟು ಪಿಕ್ಸೆಲ್ ಬಿಡಿಸಬೇಕು, ಫ್ರೇಮ್ ರೇಟ್ ಬೀಳುತ್ತೆ, ಬ್ಯಾಟರಿ ಬೇಗ ಖಾಲಿ. ನಾನು 720ಪಿಯಲ್ಲೇ ಆಡ್ತೀನಿ.

ಮೂರನೆಯದು, ಕೇಬಲ್. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಚಿತ್ರ ಬರಲ್ಲ. ಆ ಪೋರ್ಟ್‌ಗೆ "ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್" ಇರಬೇಕು. ಸ್ಟೀಮ್ ಡೆಕ್, ಆಸುಸ್ ರಾಗ್ ಅಲೈಯಲ್ಲಿ ಇದೆ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇಲ್ಲ. ನಿಂಟೆಂಡೊ ಸ್ವಿಚ್ ಡಾಕ್‌ನಲ್ಲಿ ಕೂತಾಗ ಮಾತ್ರ ಹೊರಗೆ ಚಿತ್ರ ಕೊಡುತ್ತೆ, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಡೆಕ್‌ನಲ್ಲಿ ಟೈಪ್-ಸಿ ಇರೋದೇ ಒಂದು. ಅದಕ್ಕೆ ಕನ್ನಡಕ ಚುಚ್ಚಿದ್ರೆ ಚಾರ್ಜಿಂಗ್ ಬಂದ್. ಎರಡೂ ಬೇಕಂದ್ರೆ ಚಿತ್ರ, ಚಾರ್ಜ್ ಎರಡನ್ನೂ ದಾಟಿಸೋ ಹಬ್ ಬೇಕು. ಲ್ಯಾಮಿಂಗ್ಟನ್ ರೋಡಿಗೆ ಹೋದ್ರೆ ನಿಮ್ಮ ಕನ್ಸೋಲನ್ನೇ ತಗೊಂಡು ಹೋಗಿ, ಅಲ್ಲೇ ಹಾಕಿ ನೋಡಿ. ಪವರ್ ಇರೋರು ಲೆನ್ಸ್ ಕೂರಿಸೋ ಖರ್ಚನ್ನೂ ಸೇರಿಸಿಕೊಳ್ಳಿ.

ಈಗ ಎಲ್ಲರೂ ಕೇಳೋ ಪ್ರಶ್ನೆ: ಲೋಕಲ್‌ನಲ್ಲಿ ಆಡಬಹುದಾ? ಬೇಡ. ಬೆಳಗ್ಗೆ ಒಂಬತ್ತಕ್ಕೆ ಠಾಣೆಯಲ್ಲಿ ಮೊಣಕೈ ಎತ್ತೋಕೆ ಜಾಗ ಇರಲ್ಲ. ಕಣ್ಣು, ಕಿವಿ ಎರಡನ್ನೂ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಲ್ಲೋದು ಜೀವಕ್ಕೇ ಅಪಾಯ. ಮೇಲಾಗಿ ಎದುರಿನವರಿಗೆ ನೀವು ವಿಡಿಯೋ ಮಾಡ್ತಿದ್ದೀರಾ ಅಂತ ಅನುಮಾನ ಬೇರೆ.

ಇದಕ್ಕೆ ಸರಿಯಾದ ಜಾಗ ಊರಿಗೆ ಹೋಗೋ ಮತ್ಸ್ಯಗಂಧದ ಅಪ್ಪರ್ ಬರ್ತ್. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಹತ್ತಿದ್ರೆ ಉಡುಪಿ ತಲುಪೋದು ಮರುದಿನವೇ. ಕೊಂಕಣ ರೈಲ್ವೆಯ ಸುರಂಗಗಳಲ್ಲಿ ನೆಟ್‌ವರ್ಕ್ ಹೋಗುತ್ತೆ, ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಹಾಗಾಗಿ ಆಫ್‌ಲೈನ್ ಗೇಮ್ ಇಟ್ಟುಕೊಳ್ಳಿ. ಪರದೆಯನ್ನ ಒಂದೇ ಕಡೆ ನಿಲ್ಲಿಸೋ ಮೋಡ್ ಆನ್ ಮಾಡಬೇಡಿ. ಕನ್ನಡಕದ ಗೈರೋಸ್ಕೋಪ್‌ಗೆ ತಿರುಗಿದ್ದು ನಿಮ್ಮ ತಲೆಯೋ ರೈಲೋ ಗೊತ್ತಾಗಲ್ಲ. ತಿರುವು ಬಂದಾಗಲೆಲ್ಲ ಪರದೆ ಪಕ್ಕಕ್ಕೆ ಜಾರಿ ಹೋಗುತ್ತೆ. ತಲೆ ಸುತ್ತಿದ್ರೆ ತಕ್ಷಣ ತೆಗೆದಿಡಿ.

ಕೊನೆಯದಾಗಿ ಮನೆ ವಿಷಯ. ಮೊದಲ ತಿಂಗಳು ನನಗೆ ಮನೆಯೊಳಗೇ ಒಂದು ಸ್ವಂತ ರೂಮು ಸಿಕ್ಕ ಖುಷಿ. ಒಂದು ರಾತ್ರಿ ಮಗಳು ಕೆಮ್ಮಿ ಎದ್ದು ಅಪ್ಪಾ ಅಂತ ಕರೆದಿದ್ದಾಳೆ. ನಾನು ಅಲ್ಲೇ ಮೂರಡಿ ದೂರದಲ್ಲಿ ಕೂತಿದ್ದೆ, ಕೇಳಿಸಲೇ ಇಲ್ಲ. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ಅಂದಿದ್ದು ಇಷ್ಟೇ: "ಮೊದಲು ಗೇಮ್ ಆಡ್ತಿದ್ರೂ ಮುಖ ಎತ್ತಿ ನೋಡ್ತಿದ್ರಿ. ಈಗ ಮನೇಲಿ ಇದ್ದೂ ಇಲ್ಲದ ಹಾಗೆ." ಅದಕ್ಕೆ ಉತ್ತರ ಇರಲಿಲ್ಲ.

ಅವತ್ತಿಂದ ಎರಡು ನಿಯಮ. ಮುಂದಿನ ಕಪ್ಪು ಮುಚ್ಚಳ ಮನೆಯಲ್ಲಿ ಹಾಕಲ್ಲ. ಚಿತ್ರ ಸ್ವಲ್ಪ ಮಂಕಾದ್ರೂ ಆಚೆ ಮಲಗಿರೋ ಮಗಳು ಕಾಣ್ತಾಳೆ. ಇಯರ್‌ಫೋನ್ ಒಂದೇ ಕಿವಿಗೆ. ಈ ಎರಡನ್ನ ಪಾಲಿಸೋಕಾಗುತ್ತೆ, ಕೇಬಲ್ ಲೆಕ್ಕವೂ ಸರಿ ಹೋಗುತ್ತೆ ಅಂದ್ರೆ ಧಾರಾಳವಾಗಿ ತಗೊಳ್ಳಿ. ಇಲ್ಲಾಂದ್ರೆ ಅದೇ ದುಡ್ಡಲ್ಲಿ ಒಂದು ಒಳ್ಳೆ ಮಾನಿಟರ್ ಬರುತ್ತೆ, ಮನೆಯವರೂ ನೋಡಬಹುದು.