ತಾಯಿ ಕಾರ್ಡಿನ ಮಡಿಕೆ

ಅಂಗನವಾಡಿಯ ಹೊಸ್ತಿಲಾಚೆ ಪುಟ್ಟ ಚಪ್ಪಲಿಗಳ ರಾಶಿ, ಅದರ ಪಕ್ಕ ದೊಡ್ಡವು ಮೂರು ಜೊತೆ. ಒಳಗೆ ಕುಕ್ಕರ್ ಆಗಷ್ಟೇ ಕೂಗಿ ಸುಮ್ಮನಾಗಿದೆ. ಬೇಳೆಯ ಹಬೆಯೊಳಗೆ ಸಾಂಬ್ರಾಣಿಯ ಎಳೆಯೊಂದು ಸುಳಿದರೆ ಬಾಣಂತಿ ಬಂದಿದ್ದಾಳೆಂದೇ ಅರ್ಥ. ಚಾಪೆಯ ತುದಿಯಲ್ಲಿ ಜಾಗವಿದೆ, ನೀವೂ ಕೂತುಕೊಳ್ಳಿ. ಇದು ತಿ. ನರಸೀಪುರದ ಸೀಮೆ, 1975ರಲ್ಲಿ ಅಂಗನವಾಡಿ ರಾಜ್ಯದೊಳಗೆ ಮೊದಲು ಕಾಲಿಟ್ಟಿದ್ದು ಈ ತಾಲ್ಲೂಕಿಗೇ.

ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿದ ಆಕೆ ಮಗುವನ್ನು ಸಹಾಯಕಿಯ ಮಡಿಲಿಗೆ ಹಾಕಿ, ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆಯುತ್ತಾಳೆ: ಮಡಿಕೆಯಲ್ಲಿ ಸವೆದ ತಾಯಿ ಕಾರ್ಡು, ಮಗುವಿನ ಜನನ ಪತ್ರ, ಆಧಾರ್, ಪಾಸ್‌ಬುಕ್.

"ಇದು ನಿಂದೇ ಖಾತೆ ತಾನೆ? ಗಂಡಂದಕ್ಕೆ ದುಡ್ಡು ಬೀಳಲ್ಲ ಕಣವ್ವ" ಎನ್ನುತ್ತ ಟೀಚರ್ ಚುಚ್ಚುಮದ್ದಿನ ಪುಟದ ಮೇಲೆ ಬೆರಳಿಟ್ಟು ಎಣಿಸುತ್ತಾರೆ. ಆರು ವಾರದ್ದು, ಹತ್ತರದ್ದು, ಹದಿನಾಲ್ಕರದ್ದು. ಮೂರೂ ಆಗಿವೆ. ಹಾಗಾದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಎರಡನೇ ಕಂತು, 2,000 ರೂಪಾಯಿ, ಕೇಳಬಹುದು. ಬಸುರಿಯಾಗಿದ್ದಾಗ ಹೆಸರು ಬರೆಸಿ ತಪಾಸಣೆ ಮಾಡಿಸಿಕೊಂಡಾಗ ಬಂದ 3,000 ಸ್ಕ್ಯಾನಿಂಗಿಗೂ ಬಸ್ಸಿಗೂ ಕರಗಿತಂತೆ.

"ನಮ್ಮ ಸೊಸೇದೂ ಬರ್ಕೊಳವ್ವ, ಎರಡನೇ ಹೆರಿಗೆ" ಎಂದು ಬಾಗಿಲ ಬಳಿಯ ಅಜ್ಜಿ ದನಿ ಎತ್ತುತ್ತಾರೆ.

"ಹೆಣ್ಣಾ, ಗಂಡಾ?"

"ಗಂಡು."

ಟೀಚರ್ ಮೆಲ್ಲಗೆ ತಲೆಯಾಡಿಸುತ್ತಾರೆ. ಎರಡನೆಯದು ಹೆಣ್ಣಾದರೆ ಮಾತ್ರ ಒಂದೇ ಗಂಟಿನಲ್ಲಿ 6,000. ಹೆಣ್ಣುಕೂಸು ಉಳಿಯಲಿ ಎಂಬ ಆಸೆ ದೊಡ್ಡದೇ. ಆದರೆ ಗಂಡು ಹೆತ್ತವಳ ಸೊಂಟನೋವೂ ಹಸಿವೂ ಕಡಿಮೆಯದೇನಲ್ಲವಲ್ಲ.

ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕಾದವಳಿಗೆ ಆಸರೆಯಾಗಲೆಂದು 2017ರಲ್ಲಿ ಬಂದ ಹಣವಿದು. ಹದಿನಾಲ್ಕು ವಾರ ಕಾದು, ಅರ್ಜಿ ಹಾಕಿ, ಅದು ಮಂಜೂರಾಗುವಷ್ಟರಲ್ಲಿ ನಾಟಿಯ ಗದ್ದೆ ಕರೆದಿರುತ್ತದೆ. ಮಲಗುವ ದಿನಗಳ ದುಡ್ಡು ಮಲಗುವ ದಿನಗಳಲ್ಲೇ ಕೈಗೆ ಸಿಗಬೇಕು.

ಗೋಡೆಗೊರಗಿದ ಬಸುರಿ ಹುಡುಗಿಯದು ಹೊಸ ನೋಂದಣಿ. ಓಟಿಪಿ ಹೋಗಿರುವುದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿರುವ ಗಂಡನ ಮೊಬೈಲಿಗೆ. "ಮೆಸೇಜ್ ಬಂತಾ ನೋಡಪ್ಪ" ಎಂದು ಟೀಚರ್ ಫೋನಿನಲ್ಲಿ ಕೂಗುತ್ತಾರೆ. ಕಬ್ಬಿಣ ಕುಟ್ಟುವ ಸದ್ದಿನ ನಡುವೆ ಅವನು ಒಂದೊಂದೇ ಅಂಕಿ ಹೇಳುತ್ತಾನೆ. ಕೊನೆಯದು ಕೇಳಿಸದೆ ಮತ್ತೆ ಮೊದಲಿನಿಂದ.

ಅಷ್ಟರಲ್ಲಿ ಸಹಾಯಕಿ ಅನ್ನ, ಸಾಂಬಾರು, ಸುಲಿದ ಮೊಟ್ಟೆಯ ತಟ್ಟೆಗಳನ್ನು ತಂದಿಡುತ್ತಾಳೆ. ಬಾಣಂತಿಯ ಕೈ ಇನ್ನೂ ಕಾಗದಗಳನ್ನು ಜೋಡಿಸುತ್ತಲೇ ಇದೆ.

"ಅದನ್ನ ಆಮೇಲೆ ಮಡಚುವಂತೆ, ಮೊದ್ಲು ಉಣ್ಣು."